ಹೊಲದ ಎಣ್ಣಿ, ಮನೆಯ ನುಸಿ

ನಮ್ಮ ಕಡೆ ಕೀಟನಾಶಕಕ್ಕೆ "ಎಣ್ಣಿ" ಅಂತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು... ಎಲ್ಲಿ ಹೋದ್ರೂ ಅದೇ ಮಾತು. "ಅಪ್ಪ ಎಲ್ಲಿ?" ಅಂತ ಕೇಳಿದ್ರೆ "ಎಣ್ಣಿ ಹೊಡಿಯಾಕ ಹೋಗ್ಯಾನ" ಅನ್ನೋ ಉತ್ತರ. ಬೆಂಗಳೂರಿನ ಗೆಳೆಯನೊಬ್ಬ ಒಮ್ಮೆ ನನ್ನ ಫೋನ್ ಮಾತು ಕೇಳಿಸಿಕೊಂಡು "ಏನೋ, ಬೆಳಿಗ್ಗೆ ಏಳಕ್ಕೇ ಶುರು ಹಚ್ಕೊಂಡ್ರಾ ನಿಮ್ಮಪ್ಪ?" ಅಂತ ಗಾಬರಿಯಿಂದ ಕೇಳಿದ್ದ. ಈ ಕಡೆ ಎಣ್ಣೆಯ ಅರ್ಥವೇ ಬೇರೆ ನೋಡಿ :)

ಇನ್ನು ಆ ಎಣ್ಣಿ ಮಾರೋ ಅಂಗಡಿಗೆ "ಔಷಧದ ಅಂಗಡಿ". ಬೆಳೆಗೆ ಎಣ್ಣಿ, ಹೊಲಕ್ಕೆ ಔಷಧ. ವಿಷ ಅನ್ನೋ ಶಬ್ದ ಇಡೀ ವ್ಯವಹಾರದಲ್ಲಿ ಎಲ್ಲೂ ಬರೋದೇ ಇಲ್ಲ. ಹೊಲದಲ್ಲಿ ಇದು ಹೇಗೋ ನಡೆದುಕೊಂಡು ಹೋಗುತ್ತೆ ಅಂತಿಟ್ಟುಕೊಳ್ಳಿ. ಆದ್ರೆ ಈ ಎಣ್ಣಿ, ಪುಡಿ, ಗುಳಿಗೆಗಳು ಸದ್ದಿಲ್ಲದೆ ಮನೆಯೊಳಗೆ, ಅಡುಗೆಮನೆಗೆ, ಮಕ್ಕಳು ಮಲಗೋ ಕೋಣೆಗೆ ಬಂದು ಕೂತಿವೆ. ಅವು ಅಲ್ಲಿ ಇರಲೇಬಾರದು ಅನ್ನೋದು ನನ್ನ ವಾದ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ತಾಳ್ಮೆಯಿಂದ ಓದಿ.

ಮೊದಲು ನಮ್ಮ ಊರಿನ ಹುಳಗಳ ಪರಿಚಯ ಆಗಲಿ. (ದಿನವಿಡೀ ಬಗ್ ಹುಡುಕಿ ಸಂಬಳ ತಗೊಳ್ಳೋನು ನಾನು, ಇವುಗಳ ಬಗ್ಗೆ ಬರೆಯೋ ಅಧಿಕಾರ ಇದೆ ಅಂದ್ಕೊಂಡಿದ್ದೀನಿ.) ಸಿಂಧನೂರು ಅಂದ್ರೆ ತುಂಗಭದ್ರಾ ಎಡದಂಡೆ ನಾಲೆ, ನಾಲೆ ಅಂದ್ರೆ ಭತ್ತ. ಭತ್ತ ಇದ್ದ ಮೇಲೆ ಕಂದು ಜಿಗಿಹುಳು ಇದ್ದೇ ಇರುತ್ತೆ, ಕ್ಯಾಂಪಿನ ತೆಲುಗು ಮಂದಿ ಅದಕ್ಕೆ "ದೋಮ" ಅಂತಾರೆ. ತೆನೆ ಬಲಿಯೋ ಹೊತ್ತಿಗೆ ಅದು ಸಂಜೆ ದೀಪ ಹುಡುಕಿಕೊಂಡು ಮನೆಗಳಿಗೇ ಬರುತ್ತೆ. ಟ್ಯೂಬ್‌ಲೈಟ್ ಹಾಕಿದ ಹತ್ತು ನಿಮಿಷಕ್ಕೆ ನೆಲ, ತಟ್ಟೆ, ತಲೆಕೂದಲು ಎಲ್ಲಾ ಹುಳ. ಊಟ ಕತ್ತಲಲ್ಲೇ. ಹೊಲದಲ್ಲಿ ಎಣ್ಣಿ ಹೊಡೆದು ಹೊಡೆದು ಅದನ್ನು ತಿನ್ನೋ ಜೇಡಗಳೆಲ್ಲ ಸತ್ತು ಹೋಗೋದ್ರಿಂದಲೇ ಈ ಹುಳು ಇನ್ನಷ್ಟು ಹೆಚ್ಚುತ್ತೆ ಅಂತ ಭತ್ತದ ವಿಜ್ಞಾನಿಗಳು ದಶಕಗಳಿಂದ ಹೇಳ್ತಾ ಬಂದಿದ್ದಾರೆ. ಕೇಳೋರು ಯಾರು? ಆಮೇಲೆ ಸುಗ್ಗಿ ಮುಗಿದ ಕೂಡಲೇ ಹೊಲದ ಇಲಿಗಳು ಊರಿಗೆ ವಲಸೆ.

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗ್ತಾ ನೆಲ ಒಣಗ್ತಾ ಹೋಗುತ್ತೆ. ಅಲ್ಲಿ ತೊಗರಿ, ಜೋಳ, ಸಜ್ಜೆ. ಅಕ್ಕಿ ನುಸಿಯ ಜಾಗದಲ್ಲಿ ತೊಗರಿಯ ತೂತು ಹುಳ. ಹಳೇ ಮಾಳಿಗೆ ಮನೆಗಳಲ್ಲಿ ತೊಲೆ ತಿನ್ನೋ ಒರ್ಲಿ, ಕಲ್ಲುಸಂದಿಯಲ್ಲಿ ಚೇಳು, ಹೊರಸಿನಲ್ಲಿ ತಗಣಿ. ಮಸ್ಕಿ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು 1915ರಲ್ಲಿ ಸಿಕ್ಕ ಅಶೋಕನ ಶಾಸನ, ಅವನ ಹೆಸರನ್ನೇ ಹೇಳೋ ಶಾಸನ. ಅದೇ ಅಶೋಕ ತನ್ನ ಇನ್ನೊಂದು ಶಾಸನದಲ್ಲಿ (ಮಸ್ಕಿಯದಲ್ಲ, ಉತ್ತರದ ಕಂಬಗಳ ಮೇಲಿರೋದು) ಒಳಗೆ ಜೀವಿಗಳಿರೋ ಹೊಟ್ಟನ್ನು ಸುಡಬಾರದು ಅಂತ ಅಪ್ಪಣೆ ಮಾಡಿದ್ದಾನೆ. ಹೊಟ್ಟಿನೊಳಗಿನ ಹುಳದ ಬಗ್ಗೆ ಚಕ್ರವರ್ತಿ ಯೋಚನೆ ಮಾಡಿದ್ದ! ನಾನು ಅಷ್ಟು ಒಳ್ಳೆಯವನಲ್ಲ. ನುಸಿ ಸಾಯಲಿ, ನನ್ನದೇನೂ ಅಭ್ಯಂತರ ಇಲ್ಲ. ಜೊತೆಗೆ ನಾವು ಸಾಯಬಾರದು ಅಷ್ಟೇ.

ಈ ಎಲ್ಲ ಹುಳಗಳಿಗೂ ನಮ್ಮ ಊರಲ್ಲಿ ಒಬ್ಬನೇ ಡಾಕ್ಟರು - ಎಣ್ಣಿ ಅಂಗಡಿಯವನು. ತಗಣಿ ಆಗ್ಯಾವ ಅಂದ್ರೆ ಹತ್ತಿಗೆ ಹೊಡೆಯೋ ಎಣ್ಣಿಯಲ್ಲೇ ಸ್ವಲ್ಪ ಸೀಸೆಗೆ ಹಾಕಿ ಕೊಡ್ತಾನೆ. ಒರ್ಲಿಗೆ ಇನ್ನೊಂದು. ಅಕ್ಕಿಗೆ ನುಸಿ ಬಿದ್ದಾವ ಅಂದ್ರೆ ಕಾಗದದಲ್ಲಿ ಸುತ್ತಿದ ಎರಡು ಗುಳಿಗೆ. "ಅರಿವಿ ಚೂರಿನಾಗ ಕಟ್ಟಿ ಚೀಲದಾಗ ಇಡು, ಸಾಕು" ಅಂತ ಪ್ರಿಸ್ಕ್ರಿಪ್ಷನ್ ಬೇರೆ. ಅವನನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಬೆಳೆ ಬಗ್ಗೆ ಕೇಳೋಕೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಸೊಳ್ಳೆ ಮರಿ ನೋಡೋಕೆ ಆಶಾ ಕಾರ್ಯಕರ್ತೆ ಮನೆಗೇ ಬರ್ತಾರೆ. ಮನೆಯ ಅಕ್ಕಿ ಚೀಲದ ನುಸಿಗೆ ಯಾರನ್ನು ಕೇಳಬೇಕು? ಯಾರೂ ಇಲ್ಲ. ಅದಕ್ಕೇ ಅವನು.

ಈ ಗುಳಿಗೆಯ ವಿಷಯಕ್ಕೇ ನಾನು ಈ ಬರಹಕ್ಕೆ ಕೂತಿದ್ದು. ಸಿಂಧನೂರು ಕಡೆಯ ಹುಡುಗರು ಬೆಂಗಳೂರಲ್ಲಿ ಅಂಗಡಿ ಅಕ್ಕಿ ತಿನ್ನಲ್ಲ, ನಮ್ಮ ಸೋನಾ ಮಸೂರಿ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಮೂಟೆಯಾಗಿ ಬರುತ್ತೆ. ನನಗೂ ಬರುತ್ತೆ. ಕಳೆದ ವರ್ಷ ಬಂದ ಒಂದು ಮೂಟೆ ಬಿಚ್ಚಿದಾಗ ಅಕ್ಕಿಯ ಮಧ್ಯೆ ಒಂದು ಬಟ್ಟೆ ಗಂಟು, ಒಳಗೆ ಬೂದಿ ಬಣ್ಣದ ಪುಡಿ. ಊರಿಗೆ ಫೋನ್ ಮಾಡಿದ್ರೆ "ಅದು ಗುಳಿಗಿ, ನುಸಿ ಆಗಬಾರದಂತ ಹಾಕೇವಿ, ಈಗ ಅದರಾಗ ಏನಿಲ್ಲ ಬಿಡು" ಅಂತ ಉತ್ತರ. ಏನಿಲ್ಲ ಸರಿ. ಇದ್ದದ್ದು ಎಲ್ಲಿ ಹೋಯ್ತು?

ಗುಳಿಗೆಯ ನಿಜವಾದ ಹೆಸರು ಅಲ್ಯುಮಿನಿಯಂ ಫಾಸ್ಫೈಡ್. ಅದು ತಾನಾಗಿ ನುಸಿಯನ್ನು ಕೊಲ್ಲಲ್ಲ. ಗಾಳಿಯಲ್ಲಿರೋ ಪಸೆ, ಅಕ್ಕಿಯಲ್ಲಿರೋ ಪಸೆ ತಾಗಿದ ಕೂಡಲೇ ಒಡೆದು ಫಾಸ್ಫೀನ್ ಅನ್ನೋ ಅನಿಲ ಬಿಡುತ್ತೆ. ಕೊಲ್ಲೋದು ಆ ಅನಿಲ. ಉಳಿಯೋ ಬೂದಿ ಬಹುಪಾಲು ಅಲ್ಯುಮಿನಿಯಂ ಹೈಡ್ರಾಕ್ಸೈಡ್ (ಒಳಗೆ ಒಡೆಯದ ಚೂರುಗಳು ಉಳಿದಿರಲೂಬಹುದು). ಫಾಸ್ಫೀನಿಗೆ ಬಣ್ಣ ಇಲ್ಲ, ಗಾಳಿಗಿಂತ ಸ್ವಲ್ಪ ಭಾರ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರುತ್ತೆ ಅಂತಾರೆ. ಆ ವಾಸನೆ ಅದರ ಜೊತೆಗಿರೋ ಕಲಬೆರಕೆಯದ್ದು, ಅದನ್ನು ನಂಬಿಕೊಂಡು ಕೂರೋ ಹಾಗಿಲ್ಲ. ಜೀವಕೋಶ ಆಮ್ಲಜನಕ ಬಳಸಿಕೊಳ್ಳೋ ಕೆಲಸವನ್ನೇ ಅದು ನಿಲ್ಲಿಸಿಬಿಡುತ್ತೆ. ನುಸಿಯದ್ದೂ ಅಷ್ಟೇ, ಮನುಷ್ಯನದ್ದೂ ಅಷ್ಟೇ. ಇದಕ್ಕೆ ಪ್ರತಿವಿಷ ಅಂತ ಒಂದು ಇಲ್ಲ. ಆಸ್ಪತ್ರೆಯಲ್ಲಿ ಉಸಿರು, ರಕ್ತದೊತ್ತಡ ಕಾಪಾಡಿಕೊಂಡು ಕಾಯೋದು, ಅಷ್ಟೇ.

ಈಗ ಒಂದು ಸಣ್ಣ ಲೆಕ್ಕ. ಇಂಜಿನಿಯರಿಂಗಿನ ಮೊದಲ ವರ್ಷದ ಕೆಮಿಸ್ಟ್ರಿ ಇಷ್ಟಕ್ಕಾದ್ರೂ ಉಪಯೋಗಕ್ಕೆ ಬಂತು. 3 ಗ್ರಾಂನ ಒಂದು ಗುಳಿಗೆ ಪೂರ್ತಿ ಒಡೆದ್ರೆ 1 ಗ್ರಾಂ ಫಾಸ್ಫೀನ್ ಬರುತ್ತೆ. ಅಣುತೂಕ 34. ಅಂದ್ರೆ ಸಾಮಾನ್ಯ ಉಷ್ಣಾಂಶದಲ್ಲಿ ಸುಮಾರು 0.7 ಲೀಟರ್ ಅನಿಲ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಇರೋ ಗಾಳಿ ಸುಮಾರು 28,300 ಲೀಟರ್. ಭಾಗಿಸಿ ನೋಡಿ, ಹತ್ತು ಲಕ್ಷ ಪಾಲು ಗಾಳಿಗೆ 25 ಪಾಲು, ಅಂದ್ರೆ 25 ಪಿಪಿಎಂ. ಕಾರ್ಖಾನೆಯಲ್ಲಿ ಆರೋಗ್ಯವಂತ ಕೆಲಸಗಾರ ದಿನಕ್ಕೆ 8 ಗಂಟೆ ಇರಬಹುದಾದ ಗಾಳಿಗೆ ಅಮೆರಿಕದಲ್ಲಿ ಇಟ್ಟಿರೋ ಮಿತಿ 0.3 ಪಿಪಿಎಂ. ಜೀವಕ್ಕೇ ತಕ್ಷಣದ ಅಪಾಯ ಅಂತ ಗುರುತಿಸಿರೋ ಮಟ್ಟ 50 ಪಿಪಿಎಂ. ಅಂಗಡಿಯವನು ಕೊಟ್ಟದ್ದು ಎರಡು ಗುಳಿಗೆ.

ನಿಜ, ಗುಳಿಗೆ ಒಂದೇ ಸಲಕ್ಕೆ ಒಡೆಯಲ್ಲ, ಒಂದೆರಡು ಮೂರು ದಿನ ತಗೊಳ್ಳುತ್ತೆ. ಕೋಣೆ ಪೂರ್ತಿ ಮುಚ್ಚಿರಲ್ಲ, ಸ್ವಲ್ಪ ಅನಿಲ ಅಕ್ಕಿ ಹೀರಿಕೊಳ್ಳುತ್ತೆ. ಅದಕ್ಕೇ ಪ್ರತಿ ಮನೆಯಲ್ಲೂ ಹೆಣ ಬೀಳ್ತಿಲ್ಲ. ಆದ್ರೆ ಈ "ಸ್ವಲ್ಪ"ಗಳ ಮೇಲೆ ನಮ್ಮ ಪುಣ್ಯ ನಿಂತಿದೆ. ಮಳೆಗಾಲದ ಒಂದು ರಾತ್ರಿ, ಕಿಟಕಿ ಮುಚ್ಚಿದ ಸಣ್ಣ ಕೋಣೆ, ಮೂಲೆಯಲ್ಲಿ ಮೂಟೆ, ಪಕ್ಕದಲ್ಲಿ ನೆಲಕ್ಕೆ ಹಾಸಿದ ಹಾಸಿಗೆಯಲ್ಲಿ ಮಗು... ಲೆಕ್ಕ ಬದಲಾಗಿಬಿಡುತ್ತೆ. ತಲೆನೋವು, ವಾಂತಿ, ಹೊಟ್ಟೆ ತೊಳೆಸೋದು, ಎದೆ ಬಿಗಿತದಿಂದ ಶುರುವಾಗೋದ್ರಿಂದ "ಏನೋ ತಿಂದದ್ದು ಹೆಚ್ಚುಕಮ್ಮಿ ಆಗಿರಬೇಕು" ಅಂದ್ಕೊಂಡು ಅದೇ ಕೋಣೆಯಲ್ಲಿ ಮತ್ತೆ ಮಲಗಿಸ್ತಾರೆ.

ನಾನು ಹೆದರಿಸ್ತಿದ್ದೀನಿ ಅನ್ನಿಸಿದ್ರೆ ನಡೆದದ್ದನ್ನೇ ಹೇಳ್ತೀನಿ. 2010ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಲೇಟನ್ ಊರಲ್ಲಿ ಒಂದು ಮನೆ. ಅಂಗಳದ ಇಲಿಯಂಥ ಪ್ರಾಣಿಗಳ ಬಿಲಗಳಿಗೆ ಇದೇ ಅಲ್ಯುಮಿನಿಯಂ ಫಾಸ್ಫೈಡ್ ಹಾಕಿದ್ರು. ಮನೆಯೊಳಗಲ್ಲ, ಹೊರಗೆ, ಗೋಡೆ ಹತ್ತಿರ. ಹಾಕಿದವರು ಅದೇ ಕೆಲಸ ಮಾಡೋ ವೃತ್ತಿಪರರು. ಅನಿಲ ಒಳಗೆ ಸೇರಿ ಆ ಮನೆಯ ಎರಡು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡ್ರು. 2017ರ ಜನವರಿಯಲ್ಲಿ ಟೆಕ್ಸಾಸ್‌ನ ಅಮರಿಲ್ಲೋದಲ್ಲಿ ಮನೆಯ ಅಡಿಗೆ ಹಾಕಿದ್ದ ಇದೇ ವಿಷವನ್ನು ತೊಳೆದು ತೆಗೆಯೋಣ ಅಂತ ನೀರು ಬಿಟ್ರು. ನೀರು ತಾಗಿದ್ರೆ ಏನಾಗುತ್ತೆ ಅಂತ ಮೇಲೆ ಹೇಳಿದ್ದೀನಲ್ಲ? ಒಂದೇ ಮನೆಯ ನಾಲ್ಕು ಮಕ್ಕಳು ಹೋದ್ರು. ಈ ಎರಡನೇ ಸುದ್ದಿ ಓದಿದ ಮೇಲೆ ನನಗೆ ನಮ್ಮ ಊರಿನ ಗೃಹಿಣಿಯರು ಮೂಟೆ ಇಟ್ಟ ಮೂಲೆಯನ್ನು ಬಕೆಟ್ ನೀರು ಹಾಕಿ ತೊಳೆಯೋದೇ ಕಣ್ಣಿಗೆ ಬರುತ್ತೆ.

ದೂರದ ದೇಶದ ಕಥೆ ಬೇಡ ಅಂದ್ರೆ, 2022ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ವಸಂತನಗರದಲ್ಲೇ ಒಂದು ಬಾಡಿಗೆ ಮನೆಗೆ ಕೀಟನಾಶಕ ಹೊಡೆಸಿದ್ರು. ಊರಿಗೆ ಹೋಗಿದ್ದ ಸಂಸಾರ ವಾಪಸ್ ಬಂದು ಆ ಮನೆಯಲ್ಲಿ ಉಳಿದು ಅಸ್ವಸ್ಥರಾದ್ರು, ಎಂಟು ವರ್ಷದ ಮಗಳು ಬದುಕಲಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಮೆತ್ತಗೇನೂ ಇಲ್ಲ. ಅಲ್ಯುಮಿನಿಯಂ ಫಾಸ್ಫೈಡ್ "ನಿರ್ಬಂಧಿತ ಬಳಕೆ"ಯ ಪಟ್ಟಿಯಲ್ಲಿದೆ. ಸರ್ಕಾರಿ ಸಂಸ್ಥೆಗಳು ಮತ್ತು ಅನುಮತಿ ಪಡೆದ ಕೀಟ ನಿಯಂತ್ರಕರು ಮಾತ್ರ, ಅದೂ ತಜ್ಞರ ಉಸ್ತುವಾರಿಯಲ್ಲಿ, ಬಳಸಬೇಕು. 3 ಗ್ರಾಂನ 10 ಅಥವಾ 20 ಗುಳಿಗೆ ಇರೋ ಟ್ಯೂಬ್ ಪ್ಯಾಕನ್ನು 2001ರಲ್ಲೇ ಪೂರ್ತಿ ನಿಷೇಧ ಮಾಡಿದ್ದಾರೆ. 1968ರ ಕೀಟನಾಶಕ ಕಾಯ್ದೆಯಂತೆ ಯಾವ ಕೀಟನಾಶಕವನ್ನೂ ಲೇಬಲ್ ಇಲ್ಲದೆ ಕಾಗದದಲ್ಲಿ ಸುತ್ತಿ ಮಾರೋ ಹಾಗಿಲ್ಲ. ಕಾಗದದ ಮೇಲಿನ ಕಾನೂನು, ಕಾಗದದಲ್ಲಿ ಸುತ್ತಿದ ಗುಳಿಗೆ. ಎರಡೂ ಒಂದೇ ಊರಲ್ಲಿ ಸುಖವಾಗಿವೆ.

ಊರಲ್ಲಿ ಇದನ್ನೆಲ್ಲ ಹೇಳಿದ್ರೆ ಬರೋ ಉತ್ತರ ನಿಮಗೂ ಗೊತ್ತಿರುತ್ತೆ. "ನಮ್ಮಪ್ಪನ ಕಾಲದಿಂದ ಹಾಕ್ತೀವಿ, ಯಾರಿಗೇನಾಗೇದ?" ಇದನ್ನು ತಮಾಷೆ ಮಾಡಿ ತಳ್ಳಿಹಾಕೋದು ಸರಿಯಲ್ಲ, ಅದರಲ್ಲಿ ಸತ್ಯ ಇದೆ. ಅಪ್ಪನ ಕಾಲದಲ್ಲಿ ಏನೂ ಆಗಲಿಲ್ಲ, ಯಾಕಂದ್ರೆ ಅಪ್ಪನ ಕಾಲದ ಮನೆ ಸೋರ್ತಿತ್ತು. ಮಾಳಿಗೆಗೆ ಬೆಳಕಿಂಡಿ, ಬಾಗಿಲ ಕೆಳಗೆ ಎರಡು ಬೆರಳು ಸಂದಿ, ಕಾಳುಕಡಿ ಇಡೋ ಕತ್ತಲಕೋಣೆ ಬೇರೆ, ಮಂದಿ ಮಲಗೋದು ಪಡಸಾಲೆಯಲ್ಲಿ, ಬೇಸಿಗೆಯಲ್ಲಂತೂ ಮಾಳಿಗೆ ಮೇಲೆ. ಈಗ ಅದೇ ಜಾಗದಲ್ಲಿ ಆರ್‌ಸಿಸಿ ಮನೆ, ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ, ಒಂದು ಕೋಣೆಗೆ ಏಸಿ. ಸ್ಟೋರ್ ರೂಮ್ ಇಲ್ಲ, ಅಕ್ಕಿ ಮೂಟೆ ಮಂಚದ ಕೆಳಗೆ! ಮನೆ ಬದಲಾಯ್ತು, ಗುಳಿಗೆ ಬದಲಾಗಲಿಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಹಳೇ ಕೋಡನ್ನು ಹಾಗೇ ಎತ್ತಿ ಹೊಸ ಸಿಸ್ಟಂಗೆ ಹಾಕಿದ್ದೀವಿ, ಟೆಸ್ಟಿಂಗ್ ಮಾತ್ರ ಮನೆಮಂದಿಯ ಮೇಲೆ.

"ಗೋದಾಮಿನಾಗೂ ಇದನ್ನೇ ಹಾಕ್ತಾರಲ್ಲ?" ಅನ್ನೋದು ಇನ್ನೊಂದು ಪ್ರಶ್ನೆ. ಹಾಕ್ತಾರೆ. ಚೀಲಗಳ ರಾಶಿಯ ಮೇಲೆ ಗಾಳಿಯಾಡದ ದಪ್ಪ ಹೊದಿಕೆ ಹೊದಿಸಿ, ಅಂಚಿಗೆ ಮರಳು ಚೀಲ ಇಟ್ಟು ಮುಚ್ಚಿ, ದಿನಗಟ್ಟಲೆ ಯಾರೂ ಒಳಗೆ ಹೋಗದ ಹಾಗೆ ನೋಡಿಕೊಂಡು, ಆಮೇಲೆ ಗಾಳಿಗೆ ಬಿಟ್ಟು ತೆಗೀತಾರೆ. ಅಲ್ಲಿ ಅನಿಲ ಚೀಲದೊಳಗೆ, ಮನುಷ್ಯ ಹೊರಗೆ. ನಮ್ಮ ಮನೆಯಲ್ಲಿ ನೇಯ್ದ ಪ್ಲಾಸ್ಟಿಕ್ ಚೀಲ ಜರಡಿ ಇದ್ದ ಹಾಗೆ, ಬಂದ ಅನಿಲ ನೇರ ಕೋಣೆಗೆ. ಅದರಿಂದ ಇನ್ನೊಂದು ಎಡವಟ್ಟೂ ಆಗುತ್ತೆ. ನುಸಿಯ ಹೆಣ್ಣು ಅಕ್ಕಿಕಾಳಿಗೇ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ಮುಚ್ಚಿಬಿಡುತ್ತೆ. ಮರಿ ಬೆಳೆಯೋದೆಲ್ಲ ಕಾಳಿನ ಒಳಗೆ, ಹೊರಗೆ ಬರೋದು ಸುಮಾರು ತಿಂಗಳ ಮೇಲೆ. ಸೋರಿಹೋದ ಅನಿಲಕ್ಕೆ ಮೇಲೆ ಓಡಾಡೋ ದೊಡ್ಡ ನುಸಿ ಸಾಯುತ್ತೆ. ಮೊಟ್ಟೆ, ಕೋಶ ಗಟ್ಟಿ ಪಿಂಡಗಳು, ಉಳಿದುಕೊಳ್ಳುತ್ತವೆ. ತಿಂಗಳು ಬಿಟ್ಟು ಮತ್ತೆ ನುಸಿ, ಮತ್ತೆ ಅಂಗಡಿ, ಮತ್ತೆ ಎರಡು ಗುಳಿಗೆ. ಹೀಗೆ ಅರೆಬರೆ ಹಾಕಿ ಹಾಕಿಯೇ ಗುಳಿಗೆಗೆ ಜಗ್ಗದ ಧಾನ್ಯದ ಹುಳಗಳು ಹುಟ್ಟಿಕೊಂಡಿವೆ, ಭಾರತದಲ್ಲೂ.

ಹಾಗಾದ್ರೆ ಏನು ಮಾಡಬೇಕು? ಇಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟ ವಿಷಯ ಹಗೇವು.

ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ: ಹಗೇವು ಅಂದ್ರೆ ನೆಲದಲ್ಲಿ ತೋಡಿದ ಧಾನ್ಯದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಗೋಡೆಗೆ ಹುಲ್ಲಿನ ಹಾಸು, ಒಳಗೆ ಜೋಳ, ಮೇಲೆ ಕಲ್ಲು, ಮಣ್ಣು. ವರ್ಷಗಟ್ಟಲೆ ಜೋಳ ಕೆಡ್ತಿರಲಿಲ್ಲ. ಗುಟ್ಟು ಸರಳ. ಮುಚ್ಚಿದ ಮೇಲೆ ಧಾನ್ಯ ಮತ್ತು ಹುಳ ಎರಡೂ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತೆ, ಹುಳದ ಆಟ ಮುಗೀತು. ಹಗೇವು ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ. ಗಾಳಿಯಾಡೋಕೆ ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದೇ ಇದ್ರೆ ಮಾತ್ರ ಮನುಷ್ಯ ಇಳೀಬೇಕು. ಅವಸರ ಮಾಡಿ ಇಳಿದು ಸತ್ತವರ ಕಥೆ ಊರೂರಲ್ಲಿ ಇವೆ. ಮುಚ್ಚಿದ ಜಾಗದ ಗಾಳಿ ಕೊಲ್ಲುತ್ತೆ ಅನ್ನೋದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆ ಹಗೇವಿನ ಜೊತೆಗೇ ಮುಚ್ಚಿಹೋಯ್ತು. (ಫಾಸ್ಫೀನಿಗೆ ಈ ದೀಪದ ಪರೀಕ್ಷೆ ನಡೆಯಲ್ಲ, ದೀಪ ಚೆನ್ನಾಗಿ ಉರೀತಿರೋವಾಗಲೇ ಮನುಷ್ಯ ಬಿದ್ದಿರ್ತಾನೆ. ದಯವಿಟ್ಟು ಪ್ರಯೋಗ ಮಾಡಬೇಡಿ.)

ಮಜಾ ಏನಂದ್ರೆ, ಇದೇ ತತ್ವವನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನ್ ದೇಶದ ಅಲಸಂದೆ ರೈತರ ಜೊತೆ ಸೇರಿ ಚೀಲವಾಗಿ ಮಾಡಿದ್ರು. ಒಳಗೆ ಎರಡು ದಪ್ಪ ಪಾಲಿಥೀನ್ ಚೀಲ, ಹೊರಗೆ ಮಾಮೂಲಿ ನೇಯ್ದ ಚೀಲ. ಒಂದೊಂದಾಗಿ ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟೋದು. ಮುಗೀತು, ಒಂದು ಹನಿ ವಿಷ ಇಲ್ಲ. ಅದರಲ್ಲಿ ಹುಳ ಸಾಯೋದು ಬರೀ ಉಸಿರುಗಟ್ಟಿ ಅಲ್ಲ, ಬಾಯಾರಿ! ಒಣ ಕಾಳಿನಲ್ಲಿ ಬದುಕೋ ಹುಳ ತನಗೆ ಬೇಕಾದ ನೀರನ್ನು ಆಹಾರ ಮತ್ತು ಆಮ್ಲಜನಕದಿಂದ ಮೈಯೊಳಗೇ ತಯಾರಿಸಿಕೊಳ್ಳುತ್ತೆ, ಆಮ್ಲಜನಕ ಇಲ್ಲ ಅಂದ್ರೆ ನೀರೂ ಇಲ್ಲ. ಅವರೇನೂ ನಮ್ಮ ಹಗೇವು ನೋಡಿ ಕಲಿತದ್ದಲ್ಲ, ಹಾಗಂತ ಹೇಳಿ ಎದೆ ಉಬ್ಬಿಸೋದು ಬೇಡ. ಆದ್ರೆ ಹಗೇವಿನ ನಾಡಿನವರಾದ ನಮಗೆ ಅದು ಅರ್ಥವಾಗೋಕೆ ಐದು ನಿಮಿಷ ಸಾಕು.

ಮನೆಮಟ್ಟಿಗೆ ಮೂರು ಪದರದ ಚೀಲವೇ ಬೇಕಂತಿಲ್ಲ. ಬಿಗಿ ಮುಚ್ಚಳದ ಡ್ರಮ್ಮು, ಪೂರ್ತಿ ಕಂಠಮಟ್ಟ ತುಂಬಿ, ಪದೇ ಪದೇ ತೆಗೀದೇ ಇದ್ರೆ ಅದೂ ಹಗೇವೇ. ದಿನದ ಬಳಕೆಗೆ ಸಣ್ಣ ಡಬ್ಬಿ ಬೇರೆ ಇಟ್ಟುಕೊಂಡ್ರಾಯ್ತು. ಅಕ್ಕಿ ಮಾತ್ರ ಚೆನ್ನಾಗಿ ಒಣಗಿರಬೇಕು. ಹಸಿ ಇದ್ದದ್ದನ್ನು ಗಾಳಿಯಾಡದ ಹಾಗೆ ಕಟ್ಟಿದ್ರೆ ಮುಗ್ಗಲು ಗ್ಯಾರಂಟಿ.

ತೊಗರಿ, ಕಡಲೆ, ಅಲಸಂದೆಗೆ ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿಗಿಂತ ದೊಡ್ಡ ಔಷಧ ಇಲ್ಲ. ಕರೀ ತಾಡಪಾಲಿನ ಮೇಲೆ ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲಿಟ್ರೆ ಒಳಗೆ ಒಲೆ ಇದ್ದಂಗೆ. ಅಲಸಂದೆ ಹುಳದ ಮೇಲೆ ನಡೆಸಿದ ಪ್ರಯೋಗದಲ್ಲಿ 57 ಡಿಗ್ರಿ ಬಿಸಿ ಒಂದು ಗಂಟೆ ಇದ್ರೆ ಮೊಟ್ಟೆಯಿಂದ ಹಿಡಿದು ಎಲ್ಲಾ ಹಂತದ ಹುಳವೂ ಸಾಯೋದು ಕಂಡಿದೆ. ಸಿಂಧನೂರಿನ ಏಪ್ರಿಲ್ ತಿಂಗಳಿಗೆ ಇದು ದೊಡ್ಡ ಕೆಲಸ ಅಲ್ಲ, ನಾವೇ ಅಷ್ಟು ಬೇಯ್ತೀವಿ. ಅಕ್ಕಿಗೆ ಈ ಉಪಾಯ ಬೇಡ, ಕಡು ಬಿಸಿಲಿಗೆ ಕಾಳು ಬಿರುಕು ಬಿಟ್ಟು ಅನ್ನ ಮುದ್ದೆಯಾಗುತ್ತೆ. ಬೇಳೆಕಾಳಿಗೆ ಎಣ್ಣೆ ಸವರೋದು (ಹರಳೆಣ್ಣೆ, ನಿಜವಾದ ಎಣ್ಣೆ!) ಅಜ್ಜಿಯರ ಕಾಲದ್ದೇ. ಮೊಟ್ಟೆಗೆ ಉಸಿರಾಡೋಕೆ ಬಿಡಲ್ಲ ಅದು. ಬೇವಿನ ಎಲೆ ಬಗ್ಗೆ ನನಗೆ ಅಂಥ ದೊಡ್ಡ ನಂಬಿಕೆ ಇಲ್ಲ, ಹಾಕಿದ್ರೆ ತೊಂದರೆ ಏನೂ ಇಲ್ಲ. ಈಗಾಗಲೇ ನುಸಿ ಬಿದ್ದಿದ್ರೆ, ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಒಂದು ತೂತುಗಳ ಕೊಳವೆ ಮಾಡಿದ್ದಾರೆ. ಅಕ್ಕಿಯಲ್ಲಿ ಚುಚ್ಚಿಟ್ರೆ, ಗಾಳಿ ಇರೋ ಕಡೆ ಹೋಗೋ ಚಾಳಿಯ ಹುಳಗಳು ತಾವಾಗಿ ತೂತಿನೊಳಗೆ ಬಂದು ಕೆಳಗಿನ ಬುಟ್ಟಿಗೆ ಬೀಳ್ತವೆ. ಸೊಗಸಾದ ಡಿಸೈನು.

ಇಲಿಗೆ ಬೋನು, ಮತ್ತು ಸಿಮೆಂಟು. ಹೆಬ್ಬೆರಳು ತೂರೋ ಸಂದಿ ಇದ್ರೆ ಇಲಿಗೆ ಅದು ರಾಜಮಾರ್ಗ, ಸುಂಡಿಲಿಗೆ ಕಿರುಬೆರಳಿನಷ್ಟು ಸಾಕು. ವಿಷ ಹಾಕಲೇಬೇಕು ಅಂದ್ರೆ ಲೇಬಲ್ ಇರೋ ಮನೆಬಳಕೆಯ ಬಿಲ್ಲೆ ತನ್ನಿ, ಬಿಲಕ್ಕೆ ಗುಳಿಗೆ ಮಾತ್ರ ಬೇಡ. ಲೇಟನ್ ಮನೆಯ ನೆನಪಿರಲಿ. ತಗಣಿಗೆ ಬಿಸಿಲು, ಕುದಿಯೋ ನೀರು, ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯೋದು. ಬೇಸರದ ಕೆಲಸ, ಎರಡು ಮೂರು ಸಲ ಮಾಡಬೇಕು, ಆದ್ರೆ ಹೊರಸು ಬಿಸಿಲಿಗೆ ಹಾಕಿದ್ದಕ್ಕೆ ಯಾರೂ ಆಸ್ಪತ್ರೆ ಸೇರಿಲ್ಲ. ಒರ್ಲಿ ಒಂದು ಮಾತ್ರ ನಿಜಕ್ಕೂ ಕಷ್ಟ. ಅದಕ್ಕೆ ತಿಳಿದವರನ್ನೇ ಕರೆಸಬೇಕು, ದುಡ್ಡು ಖರ್ಚಾಗುತ್ತೆ.

ಇನ್ನೊಂದು ಮಾತು, ಆ "ಎಣ್ಣಿ" ಶಬ್ದದ್ದೇ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತದ್ದು ನಿಮಗೆ ನೆನಪಿರಬಹುದು. ಅಡುಗೆ ಎಣ್ಣೆಯಲ್ಲಿ ಮೋನೊಕ್ರೊಟೊಫಾಸ್ ಸಿಕ್ಕಿತ್ತು, ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟಿದ್ರು ಅಂತ ಪೊಲೀಸರು ಹೇಳಿದ್ರು. ಎಣ್ಣಿ ಡಬ್ಬಿಯಲ್ಲಿ ಎಣ್ಣೆ. ಆ ಮೋನೊಕ್ರೊಟೊಫಾಸನ್ನು ದೇಶದಲ್ಲಿ ನಿಷೇಧ ಮಾಡಿದ್ದು 2023ರಲ್ಲಿ, ಹತ್ತು ವರ್ಷ ಬಿಟ್ಟು. ನಿಷೇಧ ಆದದ್ದು ಅಂಗಡಿಯಲ್ಲಿ. ನಮ್ಮ ಮನೆಗಳ ಅಟ್ಟದ ಮೇಲೆ, ಸೀಮೆಎಣ್ಣೆ ತುಂಬಿಸಿಟ್ಟ, ಸಂಡಾಸಿಗೆ ನೀರು ಒಯ್ಯೋ ಹಳೇ ಡಬ್ಬಿಗಳಲ್ಲಿ ಅದಿನ್ನೂ ಇದೆ. ಆ ಡಬ್ಬಿಗಳಿಗೆ ಸ್ಕ್ರೂಡ್ರೈವರಿನಿಂದ ತೂತು ಹೊಡೆಯಿರಿ, ಇನ್ಯಾರೂ ಏನೂ ತುಂಬಬಾರದು.

ಬರೆಯೋಕೆ ಕಷ್ಟವಾಗೋ ಒಂದು ಸಂಗತಿ ಉಳಿದಿದೆ. ನಮ್ಮದು ಸಾಲದ ನಾಡು, ರೈತರ ಆತ್ಮಹತ್ಯೆಯ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಜಗಳವಾದ ಒಂದು ಸಂಜೆ, ಫೇಲಾದ ಒಂದು ಫಲಿತಾಂಶ... ಆ ಒಂದು ಗಳಿಗೆ ದಾಟಿದ್ರೆ ಎಷ್ಟೋ ಮಂದಿ ಬದುಕಿ ಉಳೀತಾರೆ. ಆ ಗಳಿಗೆಯಲ್ಲಿ ಕೈಗೆಟುಕೋ ಜಾಗದಲ್ಲಿ ಏನಿದೆ ಅನ್ನೋದು ದೊಡ್ಡ ವ್ಯತ್ಯಾಸ ಮಾಡುತ್ತೆ. ಶ್ರೀಲಂಕಾದಲ್ಲಿ ಅತಿ ಘೋರ ಕೀಟನಾಶಕಗಳನ್ನು ಒಂದೊಂದಾಗಿ ಮಾರುಕಟ್ಟೆಯಿಂದ ತೆಗೆದ ಮೇಲೆ, 1995ರಿಂದ 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳೀತು. ಜನರ ಕಷ್ಟವೇನೂ ಅರ್ಧ ಆಗಿರಲಿಲ್ಲ. ವಿಷ ಮನೆಯಲ್ಲಿರಲಿಲ್ಲ, ಅಷ್ಟೇ. ಹೊಲಕ್ಕೆ ಬೇಕಾದದ್ದು ಹೊಲದ ಗುಡಿಸಲಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಲಿ. ಮನೆಯ ನುಸಿ ನೆಪದಲ್ಲಿ ಅಡುಗೆಮನೆ ಶೆಲ್ಫಿಗೆ ಬರೋದು ಬೇಡ.

ಸರ್ಕಾರದವರು ಮಾಡಬಹುದಾದ ಒಂದು ಕೆಲಸ ಹೇಳ್ತೀನಿ, ದೊಡ್ಡದೇನಲ್ಲ. ರೈತ ಸಂಪರ್ಕ ಕೇಂದ್ರಗಳಲ್ಲಿ ಸಬ್ಸಿಡಿಯಲ್ಲಿ ತಾಡಪಾಲು ಕೊಡ್ತಾರಲ್ಲ, ಅದರ ಜೊತೆ ಈ ಗಾಳಿಯಾಡದ ಚೀಲ ಎರಡೆರಡು ಕೊಡಲಿ. ಸಿಂಧನೂರಿನ ರೈಸ್‌ಮಿಲ್ಲಿನವರಿಗೆ ಮನಸ್ಸಿದ್ರೆ 25 ಕೆಜಿ ಮೂಟೆಗೆ ಒಳಗೊಂದು ಲೈನರ್ ಹಾಕೋದು ಕಷ್ಟವೇ? ಮೂಟೆಯ ಮೇಲೆ ಬಣ್ಣಬಣ್ಣದಲ್ಲಿ ದೇವರ ಚಿತ್ರ ಹಾಕೋಕೆ ದುಡ್ಡಿದೆ. ಗುಳಿಗೆ ಬಿಡಿಯಾಗಿ ಮಾರೋದನ್ನು ನಿಲ್ಲಿಸೋದು ಕೃಷಿ ಇಲಾಖೆಯ ಇನ್‌ಸ್ಪೆಕ್ಟರುಗಳ ಕೆಲಸ, ಅದು ಆಗುತ್ತೆ ಅಂತ ಕಾದು ಕೂರೋದು ಬೇಡ.

ಅಲ್ಲಿವರೆಗೆ ಊರಿಂದ ಮೂಟೆ ತರಿಸೋರು (ನಮ್ಮಲ್ಲಿ ಬಹಳ ಮಂದಿ ಇದ್ದೀರಿ, ಗೊತ್ತು) ಫೋನ್ ಮಾಡಿ ಗುಳಿಗೆ ಹಾಕಬೇಡಿ ಅಂತ ಹೇಳಿ. ಬಂದ ಮೂಟೆಯನ್ನು ಬಾಲ್ಕನಿಯಲ್ಲಿ ಬಿಚ್ಚಿ. ಗಂಟು ಸಿಕ್ಕಿ ಒಳಗೆ ಗುಳಿಗೆ ಇನ್ನೂ ಗಟ್ಟಿಯಾಗಿದ್ರೆ ನೀರು ಹಾಕಬೇಡಿ, ಸಿಂಕಿಗೆ ಎಸೀಬೇಡಿ, ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬಯಲಲ್ಲೇ ಬಿಟ್ಟು ದೂರ ಇರಿ. ಮನೆಯೊಳಗೆ ಯಾರಿಗಾದ್ರೂ ತಲೆ ಸುತ್ತು, ವಾಂತಿ, ಉಸಿರು ಕಷ್ಟ ಅಂದ್ರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಆಸ್ಪತ್ರೆ. ಡಾಕ್ಟರಿಗೆ ಗುಳಿಗೆಯ ಹೆಸರು ಹೇಳೋದು ಮರೀಬೇಡಿ, "ಊಟದಲ್ಲಿ ಏನೋ" ಅಂದ್ರೆ ಅವರೂ ದಾರಿ ತಪ್ತಾರೆ.

ಕರಾವಳಿಯವರು ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಇಡೋದು, ಮಲೆನಾಡಿನ ಪಣತ, ನಮ್ಮ ಕಡೆಯ ವಾಡೇವು, ಇವುಗಳ ಬಗ್ಗೆ ನನಗೆ ಕೇಳಿ ಗೊತ್ತೇ ಹೊರತು ಬಳಸಿದವರ ಬಾಯಿಂದ ಕೇಳಿಲ್ಲ. ಮುಡಿಯಲ್ಲಿ ನುಸಿ ಆಗ್ತಿರಲಿಲ್ವಾ? ಆದ್ರೆ ಏನು ಮಾಡ್ತಿದ್ರು? ಅಜ್ಜಿ ಮನೆಯಲ್ಲಿ ನೋಡಿದವರು ಯಾರಾದ್ರೂ ಇದ್ರೆ ಬರೀರಿ, ಕೊಂಡಿ ಕಳಿಸಿ, ಓದ್ತೀನಿ.